ಬ್ರೇಕ್ ಸಾಹೇಬರ ಐದು ಹನಿ

“ಅಂದ್ರೆ ಡಾಕ್ಟ್ರೇ, ನಮ್ಮೆಜಮಾನ್ರಿಗೆ ಗಾಂಜಾ ಕುಡಿಸು ಅಂತೀರಾ?”

ಹೆಂಡತಿ ಇದನ್ನು ಎಷ್ಟು ಗಟ್ಟಿಯಾಗಿ ಕೇಳಿದಳೆಂದರೆ, ಹೊರಗೆ ಬೆಂಚಿನ ಮೇಲೆ ಸರದಿಗೆ ಕಾಯುತ್ತಾ ಕೆಮ್ಮುತ್ತಿದ್ದವರೆಲ್ಲ ಒಮ್ಮೆಗೇ ಕೆಮ್ಮು ನಿಲ್ಲಿಸಿದರು.

ಡಾಕ್ಟರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ಕುಡಿಸೋದಲ್ಲಮ್ಮ, ನಾಲಿಗೆ ಕೆಳಗೆ ಹನಿ ಬಿಡೋದು. ದಿನಕ್ಕೆ ಐದೇ ಹನಿ. ಆ ಗಿಡದಿಂದ ತೆಗೆದ ಎಣ್ಣೆ ಅಷ್ಟೆ. ಅಮಲು ಬರೋ ಅಂಶ ಇದರಲ್ಲಿ ಹೆಸರಿಗೆ ಮಾತ್ರ. ಕಾನೂನಲ್ಲಿ ಈಗ ಅವಕಾಶ ಇದೆ, ನನ್ನ ಚೀಟಿ ತೋರಿಸಿದ್ರೆ ಔಷಧಿ ಅಂಗಡೀಲೇ ಕೊಡ್ತಾರೆ.”

“ಇದರಿಂದ ಗಾಬರಿ ಹೋಗತ್ತಾ?”

“ಕೆಲವರಿಗೆ ಹೋಗಿದೆ. ಕೆಲವರಿಗೆ ಏನೂ ಆಗಿಲ್ಲ. ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಜಾಸ್ತೀನೂ ಆಗಿದೆ. ಹೋಗೇ ಹೋಗತ್ತೆ ಅಂತ ಎದೆ ಮುಟ್ಟಿ ಹೇಳೋವಷ್ಟು ಪುರಾವೆ ಇನ್ನೂ ಯಾರ ಹತ್ರಾನೂ ಇಲ್ಲ. ಇವರಿಗೆ ಮಾತ್ರೆಗಳು ಹಿಡಿಸಲಿಲ್ಲವಲ್ಲ, ಒಂದು ತಿಂಗಳು ಇದನ್ನ ನೋಡೋಣ ಅಂತ.”

ಇಷ್ಟುದ್ದದ ಮಾತಿನಲ್ಲಿ ರೋಗಿಯ ಕಿವಿಗೆ ಬಿದ್ದದ್ದು ‘ಜಾಸ್ತೀನೂ ಆಗಿದೆ’ ಎಂಬುದೊಂದೇ. ಬಿದ್ದ ತಕ್ಷಣ ಅವರ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿ ಹಿಡಿಯಿತು.

“ನೀವು ಗಾಡಿ ಓಡಿಸ್ತೀರಾ?” ಡಾಕ್ಟರಮ್ಮ ಕೇಳಿದರು.

“ಇಲ್ಲ ಮೇಡಂ. ಓಡಿಸೋಕೆ ಬರದೇ ಇರೋರ ಪಕ್ಕ ಕೂತ್ಕೋತೀನಿ.”

ಅದು ತಮಾಷೆಯಲ್ಲ, ಅವರ ಉದ್ಯೋಗ. ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಅವರು ಪರೀಕ್ಷಕರು. ಲೈಸೆನ್ಸಿಗೆ ಬಂದವರು ಗಾಡಿ ಓಡಿಸುತ್ತಾರೆ, ಇವರು ಪಕ್ಕದ ಸೀಟಿನಲ್ಲಿ ಕೂತು ಪಾಸೋ ಫೇಲೋ ಹೇಳುತ್ತಾರೆ. ಗಾಡಿ ಓಡಿಸುವವನಿಗೆ ಮೂರು ಪೆಡಲು, ಪಕ್ಕದಲ್ಲಿ ಕೂತವನಿಗೆ ಬರೀ ಚಾಪೆ. ಹೀಗಿರುವಾಗ ಎದುರಿಗೆ ಒಂದು ಮರ, ಒಂದು ಕಂಬ, ಒಂದು ನಾಯಿ ಕಂಡರೆ ಸಾಕು, ಇವರ ಬಲಗಾಲು ಆ ಚಾಪೆಯನ್ನೇ ಬ್ರೇಕೆಂದು ತಿಳಿದು ತುಳಿಯುತ್ತಿತ್ತು. ಊರಿನ ಡ್ರೈವಿಂಗ್ ಸ್ಕೂಲುಗಳ ಗಾಡಿಗಳಲ್ಲೆಲ್ಲ ಎಡಗಡೆಯ ಚಾಪೆಗೆ ಒಂದೊಂದು ತೂತು ಬಿದ್ದಿತ್ತು. ಅಲ್ಲಿಂದಲೇ ‘ಬ್ರೇಕ್ ಸಾಹೇಬರು’ ಎಂಬ ಬಿರುದು ಬಂದದ್ದು. ತಂದೆ ತಾಯಿ ಇಟ್ಟ ಹೆಸರು ಪಗಾರದ ದಿನ ಮಾತ್ರ ಕೇಳಿಬರುತ್ತಿತ್ತು.

ಕಾಲಿನ ಜೊತೆಗೆ ಬಾಯಿಯೂ ಇತ್ತು. ಆ ಕಚೇರಿಯಲ್ಲಿ ಒಂದು ಹಳೇ ನಿಯಮ. ತಪ್ಪು ಮಾಡಿದ ಕ್ಷಣದಲ್ಲೇ ಪರೀಕ್ಷಕ ಅದನ್ನು ಬಾಯಿಬಿಟ್ಟು ಕೂಗಬೇಕು. ಕೂಗದ ತಪ್ಪು ತಪ್ಪಲ್ಲ. ಇಳಿದ ಮೇಲೆ “ನೀನು ಅಲ್ಲಿ ಹಂಗೆ ಮಾಡಿದೆ, ಇಲ್ಲಿ ಹಿಂಗೆ ಮಾಡಿದೆ” ಅಂದರೆ ನಡೆಯದು, ಪಾಸು ಪಾಸೇ. ಉಳಿದ ಪರೀಕ್ಷಕರು “ಸಿಗ್ನಲ್ ಹಾಕಿಲ್ಲ” ಎಂದು ಆಕಳಿಸುತ್ತಾ ಹೇಳುತ್ತಿದ್ದರು. ನಮ್ಮ ಸಾಹೇಬರು “ಅಯ್ಯಯ್ಯೋ! ಸತ್ವಿ! ಕನ್ನಡಿ ನೋಡೇ ಇಲ್ಲ!” ಎಂದು ಆಚೆ ಬೀದಿಗೆ ಕೇಳುವಂತೆ ಅರಚುತ್ತಿದ್ದರು. ಬೈದುಕೊಂಡು ಹೋದವರು ಬಹಳ. ಆದರೆ ಇವರ ಕೈಯಲ್ಲಿ ಪಾಸಾದವರು ಬೀದಿನಾಯಿಗೂ ತಾಗಿಸಿದ್ದಿಲ್ಲ ಎಂಬುದನ್ನು ಬೈದವರೂ ಒಪ್ಪುತ್ತಿದ್ದರು. ಆ ಪಕ್ಕದ ಸೀಟೇ ಸಾಹೇಬರ ಸಿಂಹಾಸನ. ನಡುಗುತ್ತಾ ಕೂರುವ ಸಿಂಹಾಸನ ನಿಜ, ಆದರೂ ಅದು ಬಿಟ್ಟರೆ ಅವರಿಗೆ ಈ ಲೋಕದಲ್ಲಿ ಬೇರೆ ಮರ್ಯಾದೆಯ ಜಾಗವಿರಲಿಲ್ಲ.

ತೊಂದರೆ ಏನೆಂದರೆ, ಗಾಬರಿ ಆಫೀಸಿನ ಗೇಟು ದಾಟಿ ಮನೆಗೂ ಬರತೊಡಗಿತು. ನಿದ್ದೆಯಲ್ಲೂ ಅವರಿಗೆ ಕಂಬ, ನಾಯಿ, ಲಾರಿ. ನಿದ್ದೆಯಲ್ಲೂ ಬ್ರೇಕು. ಬ್ರೇಕು ಬೀಳುತ್ತಿದ್ದದ್ದು ಪಕ್ಕದಲ್ಲಿ ಮಲಗಿದ ಹೆಂಡತಿಯ ಮೊಣಕಾಲಿನ ಮೇಲೆ. ಆಕೆಯ ಕಾಲು ನೀಲಿಗಟ್ಟಿ, ಕೊನೆಗೆ ತಲೆದಿಂಬು ಎತ್ತಿಕೊಂಡು ಹಾಲಿಗೆ ಹೋಗಿ ತಾಯಿಯ ಪಕ್ಕ ಮಲಗತೊಡಗಿದಳು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವ ಹೆಂಗಸು. ರಾತ್ರಿಯಾದರೂ ಕಾಲಿಗೆ ಬಿಡುವು ಬೇಡವೇ? ಹಾಲಿನಲ್ಲೂ ಆಕೆಗೆ ನಿದ್ದೆಯಿಲ್ಲ. ತಾಯಿಯ ಗೊರಕೆ ಒಂದು ಕಡೆ, ಪಕ್ಕದ ಬಚ್ಚಲಿನ ವಾಶ್‌ಬೇಸಿನ್ನು ಇನ್ನೊಂದು ಕಡೆ. ಮೇಲ್ಮನೆಯವರು ನೀರು ಬಿಟ್ಟಾಗಲೆಲ್ಲ ಆ ಬೇಸಿನ್ನು ಅಜೀರ್ಣವಾದವರ ಹೊಟ್ಟೆಯ ಹಾಗೆ ಗೊಟಗೊಟ ಗುಟುಗುಟು ಅನ್ನುತ್ತಿತ್ತು. ಕೊನೆಗೊಂದು ದಿನ ಆಕೆ ಗಂಡನನ್ನು ದರದರ ಎಳೆದುಕೊಂಡು ಡಾಕ್ಟರಮ್ಮನ ಮುಂದೆ ಕೂರಿಸಿದಳು.

ಹೀಗೆ ಆ ಸೀಸೆ ಮನೆಗೆ ಬಂತು.

ಬೆರಳುದ್ದದ ಕಂದು ಸೀಸೆ. ಜೊತೆಗೆ ಎಂಟು ಮಡಿಕೆಯ ಒಂದು ಕಾಗದ. ಬುದ್ಧಿವಂತರು ಸೀಸೆ ತೆರೆದು ಕಾಗದ ಬಿಸಾಡುತ್ತಾರೆ. ನಮ್ಮ ಸಾಹೇಬರು ಬಚ್ಚಲಲ್ಲಿ ಚಿಲಕ ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು ಕಾಗದವನ್ನು ಕೊನೆಯ ಸಾಲಿನವರೆಗೂ ಓದಿದರು. ತಲೆ ಸುತ್ತಬಹುದು. ಬಾಯಿ ಒಣಗಬಹುದು. ನಿದ್ದೆ ಬರಬಹುದು. ನಿದ್ದೆ ಬಾರದಿರಬಹುದು. ಕೊನೆಯಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ: ಅಪರೂಪಕ್ಕೆ ಕೆಲವರಲ್ಲಿ ಆತಂಕ.

ಆತಂಕಕ್ಕೆ ಕೊಟ್ಟ ಮದ್ದಿನಲ್ಲೇ ಆತಂಕ! ಕಳ್ಳನನ್ನು ಹಿಡಿಯಿರಿ ಎಂದು ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಯಿತು. ಅಪರೂಪ ಎಂದರೆ ಅದು ಯಾರಿಗೆ? ಲೋಕದಲ್ಲಿ ಅಪರೂಪಕ್ಕೆ ಆಗುವುದೆಲ್ಲ ತಮಗೇ ಆಗುತ್ತದೆ ಎಂಬುದರಲ್ಲಿ ಸಾಹೇಬರಿಗೆ ಸಂಶಯವಿರಲಿಲ್ಲ. ಹನಿಗೊಳವೆ ಬಾಯಿಯ ಹತ್ತಿರ ಹೋಯಿತು. ಬಲಗಾಲು ನೆಲ ಒತ್ತಿತು. ಹನಿಗೊಳವೆ ವಾಪಸು ಬಂತು.

“ರೀ, ತಗೊಂಡ್ರಾ?” ಬಾಗಿಲಾಚೆಯಿಂದ ಹೆಂಡತಿ. ಆ ಧ್ವನಿಯಲ್ಲಿ ಏನೋ ಒಂದು ಆಸೆ.

ಸಾಹೇಬರು ಐದು ಹನಿಯನ್ನು ಅಳತೆ ತಪ್ಪದೆ ಬೇಸಿನ್ನಿನೊಳಗೆ ಬಿಟ್ಟರು.

“ಹೂಂ, ತಗೊಂಡೆ.”

ಈ ಒಂದು ಮಾತಿನಿಂದ ಮುಂದೆ ಆದ ಅನಾಹುತವನ್ನು ಕೇಳಿ.

ತಗೊಂಡೆ ಎಂದ ಮೇಲೆ ತಗೊಂಡವರ ಹಾಗೆ ಇರಬೇಕಲ್ಲ? ಸಾಹೇಬರು ಅಂದಿನಿಂದ ಶಾಂತಮೂರ್ತಿಯ ವೇಷ ಹಾಕಿದರು. ಪಾತ್ರೆ ಬಿದ್ದರೆ ಬೆಚ್ಚುತ್ತಿದ್ದವರು ಈಗ ಹಲ್ಲು ಕಚ್ಚಿ ನಿಧಾನವಾಗಿ ತಿರುಗಿ, “ಪಾತ್ರೆ ಬಿತ್ತೇನೋ” ಎನ್ನುತ್ತಿದ್ದರು. ಎರಡನೇ ವಾರ ಹೆಂಡತಿ ತಲೆದಿಂಬು ಎತ್ತಿಕೊಂಡು ಕೋಣೆಗೆ ವಾಪಸು ಬಂದಳು. ಬಂದವಳು ದಿಂಬಿಗೆ ತಲೆ ಕೊಟ್ಟರೆ ಬೆಳಕು ಹರಿಯುವವರೆಗೆ ಮಿಸುಕುತ್ತಿರಲಿಲ್ಲ. ಸಾಹೇಬರು ಮಾತ್ರ ಎಡಗಾಲನ್ನು ಬಲಗಾಲಿನ ಮೇಲೆ ಹೇರಿ, ಹಾಸಿಗೆಯ ಅಂಚು ಹಿಡಿದು, ಕಣ್ಣು ಬಿಟ್ಟುಕೊಂಡು ಮಲಗುತ್ತಿದ್ದರು. ನಿದ್ದೆ ಬಂದರೆ ತಾನೆ ಬ್ರೇಕು!

ಇನ್ನೊಂದು ಚಮತ್ಕಾರವೂ ಆಯಿತು. ದಿನಾ ಐದು ಹನಿ ಕುಡಿಯುತ್ತಾ ಕುಡಿಯುತ್ತಾ ಬೇಸಿನ್ನಿನ ಗೊಟಗೊಟ ನಿಂತುಹೋಯಿತು. ಬೇಕಾದರೆ ವಿಜ್ಞಾನಿಗಳು ಕಾರಣ ಹುಡುಕಿಕೊಳ್ಳಲಿ, ಆಗಿದ್ದನ್ನು ಹೇಳುವುದಷ್ಟೇ ನಮ್ಮ ಕೆಲಸ. ಮನೆಯಲ್ಲಿ ಎಲ್ಲರೂ ಸುಖವಾಗಿ ನಿದ್ರಿಸುತ್ತಿದ್ದರು, ರೋಗಿಯೊಬ್ಬರನ್ನು ಬಿಟ್ಟು.

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಮನೆಯಲ್ಲಿ ಅತ್ತೆಯವರಿದ್ದರಲ್ಲ! ಮೊದಮೊದಲು ಅವರು ದಿನಾ ಬೆಳಿಗ್ಗೆ ಅಳಿಯನ ಕಣ್ಣು ರೆಪ್ಪೆ ಅಗಲಿಸಿ ನೋಡುತ್ತಿದ್ದರು. “ಅಳಿಯಂದ್ರೇ, ಕಣ್ಣು ಕೆಂಪಗಿದೆಯಲ್ಲ!” ನಿದ್ದೆಗೆಟ್ಟ ಕಣ್ಣು ಬಿಳಿ ಇರುತ್ತದೆಯೇ? ಆಮೇಲೆ ಮಗಳ ಮುಖ ತಿಳಿಯಾದದ್ದನ್ನು ಕಂಡು ಅವರ ಮನಸ್ಸು ತಿರುಗಿತು. ತಿರುಗಿದ್ದೇ ತಡ, ನಾಲಿಗೆಯೂ ಸಡಿಲವಾಯಿತು. ಕಟ್ಟಡದ ಹೆಂಗಸರು ಬಟ್ಟೆ ಒಣಗಿಸುವ ತಾರಸಿಯ ಮೇಲೆ ನಿಂತು, ಎದುರುಮನೆಯವಳು ತನ್ನ ಗಂಡನಿಗೆ ಹೃದಯದಲ್ಲಿ ಯಂತ್ರ ಕೂರಿಸಿದ ಕಥೆಯನ್ನು ಜಂಭದಿಂದ ಹೇಳುತ್ತಿದ್ದಾಗ, ಅತ್ತೆಯವರಿಗೆ ತಡೆಯಲಾಗಲಿಲ್ಲ.

“ಯಂತ್ರ ಯಾರು ಬೇಕಾದ್ರೂ ಕೂರಿಸ್ಕೋತಾರೆ ಬಿಡೇ ತಾಯಿ. ನಮ್ಮ ಅಳಿಯಂದ್ರಿಗೆ ದೊಡ್ಡ ಡಾಕ್ಟರೇ ಕೂತು ಗಾಂಜಾ ಬರೆದುಕೊಟ್ಟಿದ್ದಾರೆ. ಸೀಲು ಸಹಿ ಎಲ್ಲಾ ಇದೆ. ಎಲ್ಲರಿಗೂ ಕೊಡಲ್ವಂತೆ, ತುಂಬಾ ತಲೆ ಓಡಿಸೋರಿಗೆ ಮಾತ್ರ!”

ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ಬಟ್ಟೆ ಒಣಗುವುದರೊಳಗೆ ಸುದ್ದಿ ನಾಲ್ಕು ಅಂತಸ್ತು ಇಳಿದಿತ್ತು. ಮೆಟ್ಟಿಲಲ್ಲಿ ಸಾಹೇಬರು ಎದುರಾದರೆ ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಡತೊಡಗಿದರು. ಕೆಳಮನೆಯಾಕೆ ತನ್ನ ಮಕ್ಕಳನ್ನು ಒಳಗೆಳೆದುಕೊಂಡಳು. ಬಿಲ್ ಕೊಡಲು ಬಂದ ವಿದ್ಯುತ್ ಇಲಾಖೆಯವನು ಮೂಗು ಅರಳಿಸಿ, “ವಾಸನೆ ಬರ್ತಿದೆ” ಎಂದ. ಒಂದು ಹನಿಯೂ ಹೊಟ್ಟೆಗೆ ಹೋಗದ ಮನುಷ್ಯನ ಮೈಯಿಂದ ಹೊಗೆ ಏಳುವುದನ್ನು ಕಣ್ಣಾರೆ ಕಂಡವರು ಆ ಕಟ್ಟಡದಲ್ಲಿ ಕನಿಷ್ಠ ಆರು ಜನ.

ಎಲ್ಲರಿಗಿಂತ ಹೆಚ್ಚು ನೊಂದವರು ಮೇಲ್ಮನೆ ಮಾಸ್ತರು. ನಿವೃತ್ತರಾದ ಮೇಲೂ ಅವರೊಳಗಿನ ತರಗತಿ ಬಿಟ್ಟಿರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ನಿಂತು, ಮಾರ್ಕೆಟ್ಟಿನ ಚೀಲವನ್ನೇ ಬೆತ್ತದ ಹಾಗೆ ಆಡಿಸುತ್ತಾ ಭಾಷಣ ಮಾಡಿದರು.

“ಮರ್ಯಾದಸ್ಥರು ಇರೋ ಜಾಗ ಇದು! ಇವತ್ತು ಹನಿ ಅಂತಾರೆ, ನಾಳೆ ಚಿಲುಮೆ, ನಾಡಿದ್ದು ಮೆಟ್ಟಿಲ ಮೇಲೆ ಬಿದ್ದಿರ್ತಾರೆ. ಔಷಧಿ ಅಂತೆ ಔಷಧಿ! ನಮ್ಮ ಕಾಲದಲ್ಲಿ ಗಾಬರಿ ಆದ್ರೆ ಎರಡು ಬಾರಿಸ್ತಿದ್ವಿ, ಹೋಗ್ತಿತ್ತು!”

ಆ ಸಂಜೆಯೇ ಸಾಹೇಬರ ಮನೆಯ ಬಾಗಿಲು ಮೆಲ್ಲಗೆ ಟಕಟಕ ಎಂದಿತು. ನೋಡಿದರೆ ಮಾಸ್ತರು. ಶಾಲಿನೊಳಗಿಂದ ಒಂದು ಚಮಚ ಹೊರಬಂತು.

“ತಪ್ಪು ತಿಳ್ಕೋಬೇಡಿ. ಆ ಭಾಷಣ ತತ್ವದ ಮಾತು. ಇದು ಮೊಣಕಾಲಿನ ಮಾತು. ಎರಡೇ ಎರಡು ಹನಿ ಕೊಡಿ, ಗಂಟುನೋವಿಗೆ ಭಾರಿ ಒಳ್ಳೇದಂತೆ.”

“ಮಾಸ್ತರೇ, ಅದು ನನ್ನ ಹೆಸರಿಗೆ ಬರೆದ ಔಷಧಿ. ಇನ್ನೊಬ್ಬರಿಗೆ ಕೊಟ್ರೆ ತಪ್ಪಾಗತ್ತೆ. ನೀವೇ ಡಾಕ್ಟ್ರ ಹತ್ರ ಹೋಗಿ.”

“ನಾನು? ಗಾಂಜಾ ಡಾಕ್ಟ್ರ ಹತ್ರ? ಯಾರಾದ್ರೂ ನೋಡಿದ್ರೆ ಏನು ಗತಿ!”

“ಹಾಗಂತ ನಾನು ಕೊಡೋಕಾಗಲ್ಲ.”

ಮಾಸ್ತರು ಚಮಚವನ್ನು ಶಾಲಿನೊಳಗೆ ಸೇರಿಸಿದರು. “ಇರಲಿ. ಒಳ್ಳೆಯದಾಗಲಿ ನಿಮಗೆ,” ಎಂದರು. ಕನ್ನಡದಲ್ಲಿ ಇದಕ್ಕಿಂತ ಭಯಂಕರವಾದ ಶಾಪವಿಲ್ಲ. ಬೇಸಿನ್ನಿಗೆ ದಿನಾ ಐದು ಹನಿ ಸುರಿಯುತ್ತಿದ್ದ ಕೈ ನೆರೆಯವರಿಗೆ ಎರಡು ಹನಿ ಕೊಡಲಿಲ್ಲ ಎಂಬುದು ಮಾಸ್ತರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಶಾಪ ಇನ್ನೂ ಉದ್ದವಾಗುತ್ತಿತ್ತು.

ಸುದ್ದಿ ಆಫೀಸಿಗೆ ಮುಟ್ಟಿದ್ದು ದೊಡ್ಡ ಸಾಹೇಬರ ಹೆಂಡತಿಯ ಮೂಲಕ. ಆಕೆಗೂ ಇವರ ಅತ್ತೆಯವರಿಗೂ ಒಬ್ಬಳೇ ದರ್ಜಿ. ದೊಡ್ಡ ಸಾಹೇಬರು ಎಂದರೆ ಕಚೇರಿಯ ಮುಖ್ಯಸ್ಥರು. ಅವರ ಧರ್ಮಪತ್ನಿ ಲೈಸೆನ್ಸ್ ಪರೀಕ್ಷೆಗೆ ಬಂದಾಗಲೆಲ್ಲ ಬ್ರೇಕ್ ಸಾಹೇಬರ ಕೂಗಿಗೆ ಫೇಲಾಗಿ, ಗಂಡನ ಕೋಣೆಗೆ ಹೋಗಿ ಅತ್ತು, ಕಾಫಿ ಕುಡಿದು ಹೋಗುತ್ತಿದ್ದರು. ಗಂಡನಿಗೂ ಇದು ನೆಮ್ಮದಿಯ ವ್ಯವಸ್ಥೆಯೇ ಆಗಿತ್ತು. ಹೆಂಡತಿಗೆ ಇಲ್ಲ ಅನ್ನುವ ಕೆಲಸವನ್ನು ಇನ್ನೊಬ್ಬ ಮಾಡುತ್ತಿದ್ದ.

ಈ ಸಲ ಆಕೆ ಸ್ಟಿಯರಿಂಗ್ ಹಿಡಿದು ಕೂತವರೇ ಕಣ್ಣರಳಿಸಿ ಹೇಳಿದರು, “ಗಾಂಜಾ ತಗೋತಿದ್ದೀರಂತೆ! ಎಷ್ಟು ಒಳ್ಳೇದಾಯ್ತು. ನಿಮ್ಮತ್ತೆ ಹೇಳಿದ್ರು, ಈಗ ಬಾಂಬ್ ಬಿದ್ರೂ ಅಲ್ಲಾಡಲ್ಲವಂತೆ ನೀವು. ಇವತ್ತು ಕೂಗಲ್ಲ ಅಲ್ವಾ?”

ಸಾಹೇಬರಿಗೆ ಅಡಕತ್ತರಿಯಲ್ಲಿ ಸಿಕ್ಕ ಹಾಗಾಯಿತು. ಕೂಗಿದರೆ ಔಷಧಿ ಸುಳ್ಳು ಎಂದಾಯಿತು. ಆ ಸುದ್ದಿ ದರ್ಜಿಯ ಅಂಗಡಿಯಲ್ಲಿ ಒಂದು ಹೊಲಿಗೆ ಹಾಕಿಸಿಕೊಂಡು ಸಂಜೆಯೊಳಗೆ ಅತ್ತೆಯ ಕಿವಿಗೆ, ಅಲ್ಲಿಂದ ಹೆಂಡತಿಯ ಕಿವಿಗೆ ಹೋಗುತ್ತದೆ. ಕೋಣೆಗೆ ಬಂದ ತಲೆದಿಂಬು ಮತ್ತೆ ಹಾಲಿಗೆ ನಡೆಯುತ್ತದೆ. ಸಾಹೇಬರು ಎಡಗಾಲನ್ನು ಬಲಗಾಲಿನ ಮೇಲೆ ಹೇರಿದರು. ತುಟಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡರು.

“ಹೊರಡಿ ಮೇಡಂ.”

ಗಾಡಿ ಹೊರಟಿತು. ಹೊರಟಿತು ಅನ್ನುವುದಕ್ಕಿಂತ ಹಾರಿತು ಅನ್ನಬೇಕು.

“ಈ ನಡುವಿನ ಪೆಡಲು ಇದೆಯಲ್ಲ, ಇದನ್ನ ನಾನು ಬಳಸೋದೇ ಕಮ್ಮಿ ನೋಡಿ,” ಆಕೆ ಕಾಲಿನ ಕಡೆ ನೋಡುತ್ತಲೇ ಮಾತಾಡಿದರು. “ವೇಗ ಎಲ್ಲಾ ಹಾಳಾಗತ್ತೆ.”

ಸಾಹೇಬರ ಗಂಟಲಲ್ಲಿ ‘ಅಯ್ಯಯ್ಯೋ’ ಎದ್ದು ಬಂತು. ನುಂಗಿದರು. ಒಂದು ಕಂಬ ಬಿತ್ತು. ನುಂಗಿದರು. ಹಿಂದಕ್ಕೆ ಹೋಗುವ ಜಾಗದಲ್ಲಿ ಗಾಡಿ ಮುಂದಕ್ಕೆ ಹೋಯಿತು. ನುಂಗಿದರು. ಅಂಗಳದ ಅಂಚಿನಲ್ಲಿ ಸರದಿಗೆ ಕಾಯುತ್ತಿದ್ದವರು ಸಾಲು ಮುರಿದು ಗೋಡೆ ಹತ್ತಿದರು. ಸಾಹೇಬರ ಮುಖದಲ್ಲಿ ಮಾತ್ರ ಪರಮಹಂಸರ ನಗು. ಆ ನಗುವಿನ ಕೆಳಗೆ ತುಟಿಯಿಂದ ರಕ್ತ ಬರುತ್ತಿತ್ತು.

ಕೂಗದ ತಪ್ಪು ತಪ್ಪಲ್ಲ. ದೊಡ್ಡ ಸಾಹೇಬರ ಪತ್ನಿ ಒಂದೂ ತಪ್ಪಿಲ್ಲದೆ ಪಾಸಾದರು.

ಮಾರನೆಯ ದಿನ ಆಕೆ ಗಂಡನಿಗೆ ಆಶ್ಚರ್ಯ ಮಾಡಲೆಂದು ಒಬ್ಬರೇ ಗಾಡಿ ಓಡಿಸಿಕೊಂಡು ಕಚೇರಿಗೆ ಬಂದರು. ಆಶ್ಚರ್ಯ ಎಲ್ಲರಿಗೂ ಆಯಿತು. ಗೇಟಿನ ಎಡಗಂಬ ಬುಡಸಮೇತ ಉರುಳಿತು. ಅದಕ್ಕೆ ನೇತುಹಾಕಿದ್ದ ‘ಸುರಕ್ಷಿತ ಚಾಲನೆಯೇ ಸುಖ ಜೀವನ’ ಎಂಬ ಫಲಕ ಗಾಡಿಯ ಮೇಲೆ ಬಿದ್ದು, ಅದರೊಂದಿಗೇ ಪಾರ್ಕಿಂಗಿನವರೆಗೂ ಹೋಯಿತು. ಗೇಟಿನ ಕಾವಲುಗಾರ ಕುರ್ಚಿ ಬಿಟ್ಟು ಹಾರಿ ಬದುಕಿಕೊಂಡ. ಕುರ್ಚಿ ಬದುಕಲಿಲ್ಲ.

ದೊಡ್ಡ ಸಾಹೇಬರಿಗೆ ಪೀಕಲಾಟ ಬಂತು. ಹೆಂಡತಿಗೆ ಗಾಡಿ ಬರುವುದಿಲ್ಲ ಎಂದು ಹೇಳಿ ಮನೆಗೆ ಹೋಗುವ ಹಾಗಿಲ್ಲ. ಬರುತ್ತದೆ ಎಂದು ಹೇಳಿ ಗೇಟು ದಾಟುವ ಹಾಗಿಲ್ಲ. ಆ ಹೊತ್ತಿಗೆ ಸರಿಯಾಗಿ, ಶಾಲು ಹೊದ್ದ ಒಬ್ಬ ಹಿರಿಯರು ಅವರನ್ನು ಕಾಣಲು ಬಂದರು. “ಹೆಸರು ಬೇಡ. ಹಿತೈಷಿ ಅಂತ ತಿಳ್ಕೊಳ್ಳಿ,” ಎಂದರು. ಹಿತೈಷಿಯ ಮಾತು ಕೇಳಿ ದೊಡ್ಡ ಸಾಹೇಬರ ಮುಖ ಅರಳಿತು. ಎತ್ತಿಗೆ ಜ್ವರ ಬಂದಿತ್ತು, ಬರೆ ಹಾಕಲು ಎಮ್ಮೆ ಸಿಕ್ಕಿತು.

“ಏನ್ರೀ, ಗಾಂಜಾ ತಗೋತೀರಂತೆ?”

ಬ್ರೇಕ್ ಸಾಹೇಬರು ಮೇಜಿನ ಮುಂದೆ ನಿಂತಿದ್ದರು. ಪಕ್ಕದ ಕುರ್ಚಿಯಲ್ಲಿ ಮಾಸ್ತರು ಸೂರು ನೋಡುತ್ತಿದ್ದರು.

“ಡಾಕ್ಟ್ರ ಚೀಟಿ ಇದೆ ಸಾರ್.”

“ಚೀಟಿ ಕೇಳಲಿಲ್ಲ. ತಗೋತೀರೋ ಇಲ್ವೋ?”

ಹೌದೆಂದರೆ ಸೀಟು ಹೋಗುತ್ತದೆ. ಇಲ್ಲವೆಂದರೆ ದಿಂಬು ಹೋಗುತ್ತದೆ. ಸಾಹೇಬರು “ಅದು... ಒಂಥರಾ...” ಎಂದು ತೊದಲಿದರು.

“ಒಂಥರಾ ಏನು ಬಂತು!” ಸೂರು ನೋಡುತ್ತಿದ್ದ ಮಾಸ್ತರು ಕೆಳಗಿಳಿದರು. “ದಿನಾ ರಾತ್ರಿ ಇವರ ಮನೆಯವರು ‘ತಗೊಂಡ್ರಾ’ ಅಂತಾರೆ, ಇವರು ‘ತಗೊಂಡೆ’ ಅಂತಾರೆ. ನಮ್ಮ ಬಚ್ಚಲಿಗೆ ಪೈಪಿನಲ್ಲಿ ಸ್ಪಷ್ಟವಾಗಿ ಕೇಳಿಸತ್ತೆ. ನಾನು ಬೇಕು ಅಂತ ಕೇಳಿಸ್ಕೊಂಡಿಲ್ಲ. ಕಿವಿ ಇಟ್ಟಾಗ ಕೇಳ್ಸಿತು.”

ರಕ್ತ ಕೊಡಿ ಎಂದರು, ಕೊಟ್ಟರು. ಮೂತ್ರ ಕೊಡಿ ಎಂದರು. ಅದು ಗಾಬರಿಯಿಂದ ಆಗಲೇ ತಯಾರಿತ್ತು. ವರದಿ ಬರುವವರೆಗೆ ಪಕ್ಕದ ಸೀಟಿನಲ್ಲಿ ಕೂರಕೂಡದು ಎಂದು ಅಪ್ಪಣೆಯಾಯಿತು.

ವರದಿ ಬರುವ ದಿನ ಹೆಂಡತಿ ಬಟ್ಟೆ ಅಂಗಡಿಗೆ ರಜೆ ಹಾಕಿದಳು. ಗಂಡ ಬೇಡ ಬೇಡ ಎಂದರೂ ಕೇಳದೆ, ತಾಯಿಯನ್ನು ಜೊತೆಗೆ ಕರೆದುಕೊಂಡು, ಕಂದು ಸೀಸೆಯನ್ನು ಕೈಚೀಲದಲ್ಲಿಟ್ಟುಕೊಂಡು ಕಚೇರಿಗೆ ಬಂದಳು. ದೊಡ್ಡ ಸಾಹೇಬರ ಕೋಣೆಯಲ್ಲಿ ಆಗಲೇ ಗುಮಾಸ್ತರ ಗುಂಪು, ಜವಾನರು, ‘ಹಿತೈಷಿ’ ಎಲ್ಲ ಸೇರಿದ್ದರು. ಆಕೆ ನೇರವಾಗಿ ಮೇಜಿನ ಮುಂದೆ ಹೋಗಿ ಸೀಸೆಯನ್ನು ಟಕ್ಕೆಂದು ಇಟ್ಟಳು.

“ಸಾರ್, ಮುಚ್ಚುಮರೆ ಏನಿಲ್ಲ. ನಮ್ಮೆಜಮಾನ್ರು ತಗೊಂಡಿದ್ದು ನಿಜ. ಒಂದು ದಿನಾನೂ ತಪ್ಪಿಸಿಲ್ಲ. ನೋಡಿ, ಸೀಸೆ ಖಾಲಿ. ನಾನೇ ಬಾಗಿಲಲ್ಲಿ ನಿಂತು ಕೇಳ್ತಿದ್ದೆ. ಆದ್ರೆ ಅದು ಅಮಲಲ್ಲ ಸಾರ್, ಗುಣ. ಮೊದಲು ಇವರು ಹೆಂಗಿದ್ರು, ಈಗ ಹೆಂಗಾಗಿದ್ದಾರೆ ನನ್ನ ಕೇಳಿ. ಇಷ್ಟು ವರ್ಷದಲ್ಲಿ ನಾನು ಈಗ ನಿದ್ದೆ ಮಾಡ್ತಿದೀನಿ ಸಾರ್. ಔಷಧಿ ತಗೊಂಡು ಹುಷಾರಾಗೋದು ತಪ್ಪಾ?”

“ಕೇಳಿ ಮತ್ತೆ!” ಅತ್ತೆಯವರು ದನಿಗೂಡಿಸಿದರು. “ಸೀಲು ಇದೆ, ಸಹಿ ಇದೆ!”

ಬ್ರೇಕ್ ಸಾಹೇಬರು ಗೋಡೆಗೆ ಅಂಟಿಕೊಂಡಿದ್ದರು. ಲಾರಿಯೊಂದು ಎದುರಿಗೆ ಬರುತ್ತಿತ್ತು. ಬಲಗಾಲು ಒತ್ತಿಯೇ ಒತ್ತಿತು. ಆದರೆ ಲಾರಿ ನಿಲ್ಲಲಿಲ್ಲ.

ದೊಡ್ಡ ಸಾಹೇಬರು ಲಕೋಟೆ ಒಡೆದರು. ಓದಿದರು. ಹುಬ್ಬು ಮೇಲೇರಿತು. ಮತ್ತೊಮ್ಮೆ ಓದಿದರು.

“ಏನಮ್ಮಾ, ಒಂದು ತಿಂಗಳು ತಪ್ಪದೆ ತಗೊಂಡಿದ್ದಾರೆ ಅಂದ್ರಲ್ಲ. ಇವರ ಮೈಯಲ್ಲಿ ಗಾಂಜಾದ ವಾಸನೇನೂ ಇಲ್ಲವಂತೆ. ಒಂದು ಹನೀನೂ ಒಳಗೆ ಹೋಗಿಲ್ಲ.”

ಹೆಂಡತಿ ಮೊದಲು ಸೀಸೆಯನ್ನು ನೋಡಿದಳು. ಆಮೇಲೆ ಗಂಡನನ್ನು.

“ಎಲ್ಲಿ ಹೋಯ್ತು ಹಾಗಾದ್ರೆ?” ಮಾಸ್ತರು ನೋವಿನಿಂದ ಕೇಳಿದರು.

“ಬೇಸಿನ್ನಿಗೆ,” ಎಂದರು ಬ್ರೇಕ್ ಸಾಹೇಬರು.

“ಬೇಸಿನ್ನಿಗೆ!” ಮಾಸ್ತರು ಮೊಣಕಾಲು ಹಿಡಿದುಕೊಂಡರು. “ಪೂರ್ತಿ?”

ಸಾಹೇಬರಿಗೆ ಒಂದು ಆಸೆ ಹುಟ್ಟಿತು. ಮನೆಯ ಮಾತು ಮನೆಗಾಯಿತು, ಇಲ್ಲಾದರೂ ತಪ್ಪಿಲ್ಲ ಎಂದಾಯಿತಲ್ಲ! “ಸಾರ್, ನಾನು ಅಮಲಲ್ಲಿ ಇರಲಿಲ್ಲ ಅಂತ ಗೊತ್ತಾಯ್ತಲ್ಲ. ನಾಳೆಯಿಂದ ನನ್ನ ಸೀಟಿಗೆ...”

“ತಾಳ್ರೀ. ಅಮಲಲ್ಲಿ ಇರಲಿಲ್ಲ ಅಂದ್ರೆ ಆವತ್ತು ಪೂರ್ತಿ ಎಚ್ಚರದಲ್ಲಿದ್ರಿ. ಎಚ್ಚರದಲ್ಲಿದ್ದು ನನ್ನ ಹೆಂಡತೀನ ಪಾಸ್ ಮಾಡಿದ್ರಿ. ಅಂದ್ರೆ ಅವಳಿಗೆ ಗಾಡಿ ಬರಲ್ಲ ಅಂತ ಗೊತ್ತಿದ್ದೂ ಮಾಡಿದ್ರಾ?”

“ಇಲ್ಲ ಸಾರ್.”

“ಹಾಗಾದ್ರೆ ಬರತ್ತೆ ಅಂತೀರಾ?”

ಸಾಹೇಬರು ಕಿಟಕಿಯಾಚೆ ನೋಡಿದರು. ಎಲ್ಲರೂ ನೋಡಿದರು. ಗೇಟಿನಲ್ಲಿ ಒಂದೇ ಕಂಬ ನಿಂತಿತ್ತು. ಕಾವಲುಗಾರ ಕಲ್ಲಿನ ಮೇಲೆ ಕೂತಿದ್ದ.

“ಔಷಧಿ ತಗೊಂಡಿದ್ರೆ ಅಮಲು ಅಂತ ಸೀಟಿಗೆ ಅನರ್ಹರಾಗ್ತಿದ್ರಿ,” ದೊಡ್ಡ ಸಾಹೇಬರು ಬೆರಳು ಮಡಚಿದರು. “ತಗೊಂಡಿಲ್ಲ. ಅಂದ್ರೆ ಕಾಯಿಲೆ ಹಾಗೇ ಇದೆ. ಕಾಯಿಲೆ ಇರೋರನ್ನ ಆ ಸೀಟಲ್ಲಿ ಕೂರಿಸೋಕಾಗತ್ತಾ?”

“ಹಾಗಾದ್ರೆ ಈಗ ತಗೋತೀನಿ ಸಾರ್.”

“ತಗೊಂಡ್ರೆ ಅಮಲಲ್ವೇನ್ರೀ!”

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಈ ಗಾದೆಯನ್ನು ಕಟ್ಟಿದವನು ಖಂಡಿತ ಯಾವುದೋ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಿರಬೇಕು. ಹೀಗಾಗಿ ನ್ಯಾಯ ತೀರ್ಮಾನವಾಯಿತು. ಬ್ರೇಕ್ ಸಾಹೇಬರಿಗೆ ಪಕ್ಕದ ಸೀಟು ಶಾಶ್ವತವಾಗಿ ತಪ್ಪಿತು. ಗುಜರಿಗೆ ಹೋದ ಗಾಡಿಗಳ ನಂಬರ್ ಪ್ಲೇಟುಗಳನ್ನು ರಾಶಿ ಹಾಕುವ ಗೋದಾಮಿಗೆ ಅವರ ಬದಲಿಯಾಯಿತು. ಅಲ್ಲಿ ಯಾವುದೂ ಚಲಿಸುವುದಿಲ್ಲ, ಗಾಬರಿಗೆ ಕಾರಣವೇ ಇಲ್ಲ ಎಂದು ದೊಡ್ಡ ಸಾಹೇಬರು ಸಮಾಧಾನ ಹೇಳಿದರು. ಇನ್ನು ಅವರ ಪತ್ನಿಯ ಲೈಸೆನ್ಸು? ಪರೀಕ್ಷೆ ಮಾಡಿದವರು ಅಮಲಿನಲ್ಲಿರಲಿಲ್ಲ ಎಂದು ರಕ್ತವೇ ಸಾಕ್ಷಿ ಹೇಳಿದ ಮೇಲೆ ಪರೀಕ್ಷೆ ಸಿಂಧು. ಲೈಸೆನ್ಸು ಊರ್ಜಿತ. ಅನರ್ಹನಾದ ಪರೀಕ್ಷಕ ಕೊಟ್ಟ ಅರ್ಹತೆಯ ಚೀಟಿ ಹಿಡಿದು ಆಕೆ ಅದೇ ಸಂಜೆ ಗಾಡಿಯಲ್ಲಿ ಗಂಡನನ್ನು ಕರೆದೊಯ್ಯಲು ಬಂದರು. ದೊಡ್ಡ ಸಾಹೇಬರು ಪಕ್ಕದ ಸೀಟಿನಲ್ಲಿ ಕೂತರು. ಅವರ ಬಲಗಾಲು ಚಾಪೆಯನ್ನು ಒತ್ತಿದ್ದನ್ನು ಕಾವಲುಗಾರ ನೋಡಿದ. ಅವನು ಆಗಲೇ ಕಲ್ಲಿನಿಂದ ಎದ್ದು ದೂರ ನಿಂತಿದ್ದ.

ಮನೆಗೆ ಹೋಗುವ ದಾರಿಯಲ್ಲಿ ಬ್ರೇಕ್ ಸಾಹೇಬರು ಒಬ್ಬರೇ ಡಾಕ್ಟರಮ್ಮನ ಹತ್ತಿರ ಹೋದರು. ಎಲ್ಲ ಹೇಳಿ, ಇನ್ನೊಂದು ಸೀಸೆ ಕೊಡಿ, ಈ ಸಲ ನಿಜವಾಗಿ ತಗೋತೀನಿ ಎಂದರು.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಿ, ನೀವು ತಗೊಂಡಿದ್ರೆ ಇದು ನಿಮಗೆ ಆಗಿಬರತ್ತೋ ಇಲ್ವೋ ಅಂತ ಇಬ್ಬರಿಗೂ ಗೊತ್ತಾಗ್ತಿತ್ತು. ಈಗ ನಿಮ್ಮ ಬೇಸಿನ್ನಿನ ವಿಷಯ ಮಾತ್ರ ಗೊತ್ತಾಯ್ತು. ನಿಮ್ಮ ಆಫೀಸಿನವರು ನನಗೂ ಫೋನ್ ಮಾಡಿ ವಿವರಣೆ ಕೇಳಿದ್ದಾರೆ. ಅದು ಇತ್ಯರ್ಥ ಆಗೋವರೆಗೆ ನಾನು ಈ ಹನಿ ಯಾರಿಗೂ ಬರೆಯೋ ಹಾಗಿಲ್ಲ. ಭಯ ಆಯ್ತು ಅಂತ ಮೊದಲೇ ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳೋಕೂ ಭಯ ಆಯ್ತು ಮೇಡಂ.”

ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು, ಅದೇ ಕಂದು ಸೀಸೆಯ ಖಾಲಿ ಡಬ್ಬಿಯನ್ನು ಮಡಿಲಲ್ಲಿ ಹಿಡಿದುಕೊಂಡು, ಇವರತ್ತ ನೋಡಿ ನಕ್ಕಳು. ಆಕೆಗೆ ಇನ್ನೂ ವಿಷಯ ಗೊತ್ತಿರಲಿಲ್ಲ. ಸಾಹೇಬರು ತಲೆ ತಗ್ಗಿಸಿಕೊಂಡು ಬಂದರು.

ಮನೆಯಲ್ಲಿ ಹೆಂಡತಿ ಮಂಚದ ಅಂಚಿನಲ್ಲಿ ಕೂತಿದ್ದಳು. ಅತ್ತೆಯವರು ಅಡುಗೆಮನೆಯಿಂದ ಆಚೆ ಬರಲಿಲ್ಲ. ಇನ್ನು ತಾರಸಿಯ ಮೇಲೆ ಯಾವ ಮುಖ ಹೊತ್ತು ಬಟ್ಟೆ ಒಣಗಿಸುವುದು ಎಂಬುದು ಅವರ ದುಃಖ.

“ಏ, ನೋಡು...” ಸಾಹೇಬರು ಶುರುಮಾಡಿದರು.

“ಸುಳ್ಳು ಹೇಳಿದ್ರಿ ಅಂತ ಅಲ್ಲ,” ಹೆಂಡತಿ ಕೈಬೆರಳು ನೋಡುತ್ತಾ ಹೇಳಿದಳು. “ಅಷ್ಟು ಜನರ ಮುಂದೆ ಸೀಸೆ ಇಟ್ಟು ಮಾತಾಡಿದ್ನಲ್ಲ, ಅದಕ್ಕೂ ಅಲ್ಲ. ನಿಮಗೆ ವಾಸಿ ಆಯ್ತು ಅಂದ್ಕೊಂಡು ನಾನು ಎಷ್ಟು ಚೆನ್ನಾಗಿ ನಿದ್ದೆ ಮಾಡ್ದೆ ಗೊತ್ತಾ ನಿಮಗೆ?”

“ಗೊತ್ತು.”

“ನಿಮಗೆಂಗೆ ಗೊತ್ತು?”

“ಎದ್ದೇ ಇರ್ತಿದ್ನಲ್ಲ. ನೋಡ್ತಿದ್ದೆ.”

ಆಕೆ ತಲೆಯೆತ್ತಿ ಗಂಡನ ಕೆಂಪು ಕಣ್ಣುಗಳನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

“ಇವತ್ತಾದ್ರೂ ಮಲ್ಕೊಳ್ಳಿ,” ಎಂದಳು ಕೊನೆಗೆ. “ಇನ್ನು ಯಾರನ್ನ ಒದೀತೀನೋ ಅನ್ನೋ ಹೆದರಿಕೆ ಬೇಡ.”

ಎದ್ದಳು. ದಿಂಬನ್ನು ಎರಡು ಸಲ ಕೊಡವಿ, ಕಂಕುಳಲ್ಲಿ ಇರುಕಿಕೊಂಡು ಹಾಲಿಗೆ ಹೋದಳು. ಹೋಗುವಾಗ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ, ಪೂರ್ತಿ ತೆರೆದೂ ಇಡಲಿಲ್ಲ.

ಮೇಲ್ಮನೆಯಲ್ಲಿ ಮಾಸ್ತರು ಮೊಣಕಾಲಿಗೆ ಕಾವು ಕೊಟ್ಟ ಬಿಸಿನೀರನ್ನು ಬಚ್ಚಲಿಗೆ ಚೆಲ್ಲಿದರು. ಅದು ಗೋಡೆಯೊಳಗಿನ ಪೈಪಿನಲ್ಲಿ ಇಳಿದು ಬಂತು. ಬಹಳ ದಿನಗಳಿಂದ ಸುಮ್ಮನಿದ್ದ ಬೇಸಿನ್ನು ಒಮ್ಮೆ ತೇಗಿ, ಗೊಟಗೊಟ ಗುಟುಗುಟು ಅನ್ನತೊಡಗಿತು.